ಗೊಬ್ಬರಗುಂಡಿಯ ಜಂತುವಿಗೆ ಆಲೆಟ್ಟಿಯ ಹೆಸರು

"ಇದರಿಂದ ಎಂತ ಉಪಯೋಗ?" ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ನಾನು ನಿಲ್ಲಿಸಿದ್ದೇನೆ. ಏನೂ ಉಪಯೋಗವಿಲ್ಲ, ಹೋಗಿ! ನಾನು ಪುತ್ತೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಗೊಬ್ಬರದ ಗುಂಡಿಯಲ್ಲಿ ಹೊರಳಾಡುವ ಕುರುವಾಯಿ ದುಂಬಿಯ ಮರಿಹುಳ ಉಂಟಲ್ಲ, ಅದರ ಕರುಳು ಸೀಳಿ, ಒಳಗೆ ಬಿಟ್ಟಿ ಊಟ ಮಾಡಿಕೊಂಡಿರುವ ನೂಲಿನಂಥ ಜಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಹುಚ್ಚು. ಮದುವೆಯ ಊಟದಲ್ಲಿ ಪಕ್ಕ ಕೂತವರು ನನ್ನ ಸಂಶೋಧನೆ ಏನೆಂದು ಕೇಳುತ್ತಾರೆ, ನಾನು ಹೇಳುತ್ತೇನೆ, ಅವರು ಪಾಯಸ ಬೇಡವೆನ್ನುತ್ತಾರೆ. ಅದಕ್ಕೆ ನಾನೇನು ಮಾಡಲಿ? ನನ್ನ ಪಾಲಿನ ಪಾಯಸ ನಾನು ಬಿಟ್ಟವನಲ್ಲ.

ಈಚೆಗೆ ಸಿಕ್ಕ ಜಂತು ಯಾವ ಪುಸ್ತಕದಲ್ಲೂ ಇರಲಿಲ್ಲ. ಹೊಸ ಜಾತಿಯೇ ಇರಬೇಕು ಎಂದುಕೊಂಡೆ. ಆದರೆ ಸಿಕ್ಕಿದ್ದೆಲ್ಲ ಹೆಣ್ಣು. ಗಂಡು ತೀರ ಸಣ್ಣದು, ಸಿಗುವುದೂ ಅಪರೂಪ. ಅದರ ಬಾಲದ ತುದಿ ನೋಡದೆ ಹೊಸ ಜಾತಿ ಎಂದರೆ ಬಲ್ಲವರು ಒಪ್ಪುವುದು ಕಷ್ಟ. ಮರಿಹುಳಗಳು ಬರುತ್ತಿದ್ದದ್ದು ಆಲೆಟ್ಟಿ ಎಂಬ ಹಳ್ಳಿಯಲ್ಲಿರುವ, ನನಗೆ ಹೆಣ್ಣು ಕೊಟ್ಟ ಮಾವನ ಗೊಬ್ಬರಗುಂಡಿಯಿಂದ. ಅಡಿಕೆ ಪೇಟೆಗೆ ಬರುವಾಗ ಹಪ್ಪಳದ ಹಳೆಯ ಡಬ್ಬಿಯಲ್ಲಿ ತುಂಬಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದರು. ಪಕ್ಕದವರು ಒಂದು ಹಪ್ಪಳ ಕೇಳಿದ್ದೂ ಉಂಟಂತೆ. ಪುತ್ತೂರಿನಲ್ಲಿ ಅವರು ಕಟ್ಟಿಸಿದ ಮನೆಯೊಂದಿದೆ, ನಾವಿರುವುದು ಅದರಲ್ಲೇ.

ಕೆಟ್ಟದ್ದು ನನ್ನ ಬಾಯಿಯಿಂದ. ಹೊಸ ಜೀವಿಗೆ ಅದು ಸಿಕ್ಕಿದ ಊರಿನ ಹೆಸರಿಡುವುದು ನಮ್ಮಲ್ಲಿ ರೂಢಿ. ಇದಕ್ಕೆ ಆಲೆಟ್ಟಿಯ ಹೆಸರು ಎಂದು ಮಾವನಿಗೆ ಗೌರವ ಮಾಡಲು ಹೋದೆ.

"ಅದು ಹೊಟ್ಟೆಯ ಒಳಗೆ ಎಂತ ಮಾಡುದು?" ಎಂದರು ಮಾವ.

"ಎಂತದೂ ಇಲ್ಲ. ಇದ್ದಲ್ಲೇ ಇರುದು, ಸಿಕ್ಕಿದ್ದು ತಿನ್ನುದು. ಯಾರಿಗೂ ಉಪದ್ರ ಇಲ್ಲ."

ಮಾವ ಡಬ್ಬಿಯ ಮುಚ್ಚಳ ಬಿಗಿದರು. "ಆಲೆಟ್ಟಿಯವರು ಯಾರ ಮನೆಯಲ್ಲಿಯೂ ಬಿಟ್ಟಿ ಕೂತು ಉಂಡವರಲ್ಲ ಮಾರಾಯ್ರೆ. ಹೆಸರು ಬದಲಿಸಿ. ಇಲ್ಲದಿದ್ರೆ ಹುಳ ಇಲ್ಲ."

ನನಗೂ ಸಿಟ್ಟು ನೆತ್ತಿಗೇರಿತು. "ಅಪ್ಪನಿಗೆ ಒಂದು ಮಾತು ಹೇಳಿ ಸಮಾಧಾನ ಮಾಡಿ" ಎಂದಳು ಹೆಂಡತಿ ವನಜ. ಮಾಡಲಿಲ್ಲ. ಕಬಕ, ಕಡಬ ಎಂದು ಕಂಡವರ ಗುಂಡಿಗಳನ್ನೆಲ್ಲ ಕೆದಕಿದೆ. ಹುಳ ಬೇಕಾದಷ್ಟು ಸಿಕ್ಕವು. ಆ ಜಂತು ಮಾತ್ರ ಸಿಗಲಿಲ್ಲ. ಆದರೂ ಹೆಸರು ಬಿಡಲಿಲ್ಲ.

ಸುದ್ದಿ ಆಲೆಟ್ಟಿಗೆ ಮುಟ್ಟಿತು. ಮುಂದಿನ ಪೇಟೆಯ ದಿನ ಮಾವ ಬಂದವರೇ ಡಬ್ಬಿಯನ್ನು ನನ್ನ ಮೇಜಿನ ಮೇಲೆ ಕುಕ್ಕಿದರು.

"ಕಡಬದವರ ಗುಂಡಿಗೆ ಕೈ ಹಾಕಿದ್ರಂತೆ? ನಮ್ಮಲ್ಲಿ ಹುಳಕ್ಕೆ ಬರಗಾಲವಾ? ತಕೊಳ್ಳಿ. ಆದ್ರೆ ಹೆಸರು ನಿಮ್ಮದೇ ಇಡಿ."

"ನಮ್ಮ ಹೆಸರು ನಾವೇ ಇಡುವ ಕ್ರಮ ಇಲ್ಲ, ಮಾವ."

"ನೀವು ಇಡುದು ಬೇಡ. ನಾನು ಇಡ್ತೇನೆ. ಸರಿಯಾಗಿ ಹೊಂದ್ತದೆ."

ಅಡುಗೆಮನೆಯಲ್ಲಿ ವನಜ ನಕ್ಕಿದ್ದು ಕೇಳಿತು.

ಆ ಡಬ್ಬಿಯ ಹುಳವೊಂದರಲ್ಲಿ ಗಂಡು ಸಿಕ್ಕಿತು! ಬಾಲ ಮುರುಟಿಕೊಂಡು ಮೂಲೆ ಹಿಡಿದಿತ್ತು. ನಾನು ಕುಣಿದುಬಿಟ್ಟೆ. ಹೆಸರು ಆಲೆಟ್ಟಿಯದ್ದೇ, ಬರೆದು ಕಳಿಸಿಯೂ ಆಯಿತು. ಮಾವ ಏನು ಬೇಕಾದರೂ ಅನ್ನಲಿ, ನಾನು ಯಾರ ಮುಲಾಜಿನಲ್ಲೂ ಇಲ್ಲ. ಇನ್ನೂ ನಾಲ್ಕು ಖಾರದ ಮಾತು ಬರೆಯುವುದಿತ್ತು. ಮಾವ ಕಳಿಸಿದ ಅಕ್ಕಿಯ ಗಂಜಿ ಆರಿಹೋಗುತ್ತದೆಂದು ವನಜ ಕರೆಯುತ್ತಿದ್ದಾಳೆ.