ಮೂಗಿಗೆ ಸೂಜಿ ಮಾಡಿಸಿದ್ದು

ಮೂಗು ಮುಖದ ನಡುವೆ ಸುಮ್ಮನೆ ಕೂತಿರುವ ಅಂಗ ಎಂದು ನಂಬಿದವರು ನನ್ನ ನಗುವನ್ನು ನೋಡಿಲ್ಲ. ನಾನು ಸುಮ್ಮನಿದ್ದರೆ ಅದೂ ಸುಮ್ಮನಿರುತ್ತದೆ. ನಕ್ಕರೆ ಸಾಕು, ತುದಿ ಮೇಲ್ದುಟಿಯ ಮೇಲೆ ಇಳಿದು, ಹೊಳ್ಳೆಗಳೆರಡೂ ಸಂತೆಯಲ್ಲಿ ಚೀಲ ಹಾಸಿದಂತೆ ಅಗಲವಾಗುತ್ತವೆ. ಕಂಡವರ ಹೊಲದಲ್ಲಿ ಕಳೆ ತೆಗೆಯುತ್ತಲೇ ಬಿ.ಎ., ಬಿ.ಎಡ್. ಮುಗಿಸಿ ಹರಪನಹಳ್ಳಿಯಲ್ಲಿ ಟೀಚರಾದವಳು ನಾನು. ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲ ಮುಖ ಇದು. ಮೊದಲ ಸಲ ನೋಡಲು ಬಂದ ಗಂಡಿನ ಕಡೆಯವರು ಮಾತ್ರ ಅದರಲ್ಲಿ ಮೂಗನ್ನಷ್ಟೇ ಕಂಡರು. "ಹುಡುಗಿ ಚಲೋ ಅದಾಳ, ನಗಬಾರದಷ್ಟ" ಎಂದು ಹೇಳಿ ಕಳಿಸಿದರು.

ಎರಡನೆಯ ಸಂಬಂಧ ಕೊಟ್ಟೂರಿನದು. ಹುಡುಗನೂ ಮೇಷ್ಟ್ರು. ಮದುವೆಯಾದ ಮೇಲೂ ನಾನು ಕೆಲಸ ಬಿಡಬೇಕಿಲ್ಲ ಎಂದಿದ್ದ. ಅಂಥ ಮಾತಾಡುವ ಗಂಡು ಇನ್ನೊಬ್ಬ ಸಿಗುವ ಭರವಸೆ ನನಗಿರಲಿಲ್ಲ. ದಾವಣಗೆರೆಯಲ್ಲಿ ಚರ್ಮದ ಡಾಕ್ಟರೊಬ್ಬರು ಮೂಗಿನ ಬುಡಕ್ಕೆ ಸೂಜಿ ಕೊಡುತ್ತಾರೆ, ನಗುವಾಗ ಅದನ್ನು ಕೆಳಗೆಳೆಯುವ ಸ್ನಾಯು ಸಡಿಲಾಗುತ್ತದೆ ಎಂದು ಜೊತೆಯ ಟೀಚರು ಹೇಳಿದ್ದೇ ತಡ, ಅವ್ವನನ್ನು ಕರೆದುಕೊಂಡು ಬಸ್ಸು ಹತ್ತಿದೆ. ಡಾಕ್ಟರು ಚುಚ್ಚಿ, "ಇವತ್ತು ಮೂಗನ್ನು ತಿಕ್ಕಲೇಬೇಡಿ, ಔಷಧ ಬೇರೆ ಕಡೆ ಹರಡುತ್ತೆ" ಎಂದರು.

ನಮ್ಮವ್ವನ ವೈದ್ಯಶಾಸ್ತ್ರ ಇದಕ್ಕೆ ಪೂರ್ತಿ ವಿರುದ್ಧ. ನಮ್ಮೂರಲ್ಲಿ ಸೂಜಿ ಮಾಡಿಸಿಕೊಂಡವರು ಮನೆ ಮುಟ್ಟುವ ತನಕ ತಿಕ್ಕುತ್ತಾರೆ. ತಿಕ್ಕದ ಸೂಜಿ ಗಂಟು ಕಟ್ಟುತ್ತದೆ. ಊರಿಗೆ ಮರಳುವ ಬಸ್ಸಿನಲ್ಲಿ ಕೂತ ಕೂಡಲೇ ಅವ್ವ ನನ್ನ ಮೂಗಿಗೆ ಕೈ ಚಾಚಿದಳು.

"ತಡಿ, ಒಂಚೂರು ತಿಕ್ತೀನಿ."

"ಬ್ಯಾಡವ್ವ, ಡಾಕ್ಟರು ಬ್ಯಾಡಂದಾರ."

"ಅವರಿಗೇನು? ಮೂಗಿನ ಮ್ಯಾಲ ಗಂಟು ಇಟ್ಕೊಂಡು ಗಂಡಿನ ಮುಂದ ಕುಂದರಾಕಿ ನೀನು!"

ಹಿಂದಿನ ಸೀಟಿನ ಹೆಂಗಸು ಅವ್ವನ ಪಕ್ಷ ಸೇರಿದಳು. "ತಿಕ್ಕಿಸ್ಕೊ ತಂಗಿ, ಹಡೆದಾಕಿ ಕೆಟ್ಟದ್ದು ಮಾಡ್ತಾಳೇನು?" ನಾನು ಎರಡೂ ಕೈಯಿಂದ ಮೂಗಿಗೆ ಕಾವಲು ಕೂತೆ. ಎಲ್ಲೋ ಕಣ್ಣು ಹತ್ತಿತು. ಎಚ್ಚರಾದಾಗ ಕಳೆ ತೆಗೆಯುವ ಕುರ್ಚಿಗಿ ಹಿಡಿದು ಗಟ್ಟಿಯಾದ ಅವ್ವನ ಹೆಬ್ಬೆರಳು ನನ್ನ ಮೂಗಿನ ಬುಡವನ್ನು ರೊಟ್ಟಿಯ ಹಿಟ್ಟಿನಂತೆ ನಾದುತ್ತಿತ್ತು. "ಆತು ಬಿಡು, ಕರಗೈತಿ" ಎಂದಳು ಸಮಾಧಾನದಿಂದ.

ವಾರ ಕಳೆಯುವುದರೊಳಗೆ ಮೂಗಿನ ಜೊತೆ ಮೇಲ್ದುಟಿಯೂ ಮಲಗಿತು. ಎಷ್ಟು ಹಿಗ್ಗಿ ನಕ್ಕರೂ ಏಳದು. ಕೊಟ್ಟೂರಿನವರು ಬಂದೇಬಿಟ್ಟರು. ಹುಡುಗನ ತಾಯಿ ಬಾಯ್ತುಂಬ ಮಾತಿನವರು. "ನಮ್ಮ ಹುಡುಗ ಮಕ್ಕಳಿಗೆ ಹೊಡಿಯಂಗಿಲ್ಲವ್ವ, ಮಕ್ಕಳಿಗೇ ಅಂಜ್ತಾನ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಒಳಗೆ. ಹೊರಗೆ ತುಟಿ ಬೀಗ ಹಾಕಿದಂತೆ ಕೂತಿತ್ತು. ನಗು ನಿಂತು ಎಲ್ಲರೂ ನನ್ನನ್ನೇ ನೋಡಿದರು. ಅವ್ವ ನೆಲ ನೋಡತೊಡಗಿದಳು.

"ಸಾಕು ಬಿಡ್ರಿ" ಎಂದರು ಆ ತಾಯಿ. ನಾನು ಏಳಲು ಹೊರಟೆ. "ಇಂಥಾ ಗಂಭೀರ ಹುಡುಗೀನ ಬೇಕಾಗಿತ್ತು. ನಮ್ಮ ಮನ್ಯಾಗ ಎಲ್ಲಾರೂ ಹಲ್ಲು ಕಿಸಿಯೋರ ಅದಾರ."

ಮದುವೆಯಾಯಿತು, ಕೆಲಸ ಉಳಿಯಿತು. ಆದರೆ ಔಷಧಕ್ಕೆ ಆಯುಷ್ಯ ನಾಲ್ಕೇ ತಿಂಗಳು. ಒಂದು ಮಧ್ಯಾಹ್ನ ಅತ್ತೆ ಏನೋ ಅಂದರು, ತಡೆಯಲಾರದೆ ನಕ್ಕೆ. ತುಟಿ ಎದ್ದಿತು, ಮೂಗು ಇಳಿಯಿತು, ಹೊಳ್ಳೆ ಹರಡಿದವು. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದರು. ಮುಗಿಯಿತು ಎಂದುಕೊಂಡೆ.

"ಅಯ್ಯ ನನ್ನವ್ವ! ನಮ್ಮ ಸೊಸಿಗೆ ನಗಾಕ ಬರಂಗಿಲ್ಲ ಅಂತ ಕಂಡ ದೇವರಿಗೆಲ್ಲ ಹರಕಿ ಹೊತ್ತೀನಲ್ಲೇ!"

ಈಗ ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ನನ್ನ ಮೂಗು. "ಇನ್ನೊಮ್ಮೆ ನಗವ್ವ, ಇವರು ನೋಡಿಲ್ಲ" ಎನ್ನುತ್ತಾರೆ ಅತ್ತೆ. ಇಡೀ ತರಗತಿಯನ್ನು ಕಣ್ಣಿನಲ್ಲೇ ಸುಮ್ಮನಾಗಿಸುವ ಬಿ.ಎ., ಬಿ.ಎಡ್. ಟೀಚರಾದ ನಾನು ಸೆರಗು ಸರಿಮಾಡಿಕೊಂಡು, ಬೆಳಕಿನ ಕಡೆ ತಿರುಗಿ, ನಗುತ್ತೇನೆ.