ಶೇಖ್ ಮನೆಯ ಸಕ್ಕರೆಯಿಲ್ಲದ ಕಾಫಿ

ಆ ಶುಕ್ರವಾರ ಇನ್ಸಾಫ್ ತನ್ನ ಗಂಡನಿಗೆ ವಹಿಸಿದ್ದು ಬರೀ ಒಂದು ವಾಕ್ಯದ ಕೆಲಸ. "ನಮ್ಮಿಬ್ಬರಿಗೂ ಸೂರ್ ಪಟ್ಟಣಕ್ಕೆ ವರ್ಗ ಮಾಡಿಸಿಕೊಡಿ" ಎಂದು ಊರಿನ ಮುಖಂಡ ಶೇಖ್ ಖಲ್ಫಾನರ ಎದುರು ಹೇಳಬೇಕು, ಅಷ್ಟೇ. ಬೆಳಿಗ್ಗೆಯಿಂದ ಅದನ್ನು ಅವನ ಬಾಯಲ್ಲಿ ಏಳು ಸಲ ಹೇಳಿಸಿದ್ದಳು. ಕಾರಣವಿತ್ತು. ಗಂಡ ಉಸ್ತಾದ್ ಫಿಕ್ರಿ ಈಜಿಪ್ಟಿನ ಜಗಾಜಿಗ್‌ನಲ್ಲಿ ಒಂಬತ್ತು ವರ್ಷ ಅರಬ್ಬಿ ವ್ಯಾಕರಣ ಕಲಿಸಿದವನು. (ಅವನು ಒಂದು ವಾಕ್ಯ ಶುರು ಮಾಡಿದರೆ ಮುಗಿಯುವ ಮೊದಲೇ ಶಾಲೆಯ ಗಂಟೆ ಹೊಡೆಯುತ್ತಿತ್ತೆಂದು ಅಲ್ಲಿ ಹೆಸರುವಾಸಿ.)

"ರೀ, ಪೀಠಿಕೆ ಗೀಠಿಕೆ ಹಾಕ್ಬೇಡಿ. ಕೂತ್ಕೊಂಡ್ರಿ, ಕೇಳಿದ್ರಿ, ಎದ್ದು ಬಂದ್ರಿ, ಅಷ್ಟೇ."

"ನನಗೇನು ಗೊತ್ತಾಗಲ್ವೇನೆ? ಕೇಳೋದಕ್ಕೂ ಒಂದು ನಯನಾಜೂಕು ಇದೆ. ಹೊತ್ತು ನೋಡ್ಬೇಕು, ಮುಖ ನೋಡ್ಬೇಕು."

"ಹೀಗೆ ಹೊತ್ತು ನೋಡಿ ನೋಡಿನೇ ನನ್ನನ್ನ ಕೊಡಿ ಅಂತ ಕೇಳೋಕೆ ಎರಡು ವರ್ಷ ನಮ್ಮಪ್ಪನ ಅಂಗಡಿ ಮುಂದೆ ಓಡಾಡಿದ್ರಿ. ಕೊನೆಗೆ ನಮ್ಮಪ್ಪನೇ ಕೇಳಿದ್ರು."

ಫಿಕ್ರಿ ಚಪ್ಪಲಿ ಹುಡುಕತೊಡಗಿದ.

ಗಂಡಹೆಂಡಿರಿಬ್ಬರೂ ಓಮಾನಿಗೆ ಬಂದು ಮೂರು ವಾರವಾಗಿತ್ತು. ಸರ್ಕಾರ ಅವರನ್ನು ಬೆಟ್ಟದ ಬುಡದ ಸಿದ್ರಾ ಎಂಬ ಹಳ್ಳಿಗೆ ಹಾಕಿತ್ತು, ಅವನನ್ನು ಗಂಡುಮಕ್ಕಳ ಶಾಲೆಗೆ, ಅವಳನ್ನು ಹೆಣ್ಣುಮಕ್ಕಳ ಶಾಲೆಗೆ. ಊರಲ್ಲಿ ಮನೆ ನಲವತ್ತು, ಅಂಗಡಿ ಒಂದು. ಎದುರುಮನೆಯ ಬಾಲ್ಕನಿಯ ಜಗಳಕ್ಕೆ ತನ್ನ ಬಾಲ್ಕನಿಯಿಂದಲೇ ತೀರ್ಪು ಕೊಟ್ಟು ಬೆಳೆದ ಇನ್ಸಾಫ್‌ಗೆ ಇಲ್ಲಿ ಕಾಣುತ್ತಿದ್ದದ್ದು ಓಣಿಯ ಮೂಲೆಯಲ್ಲಿ ತಿರುಗಿ ಮರೆಯಾಗುವ ಬಣ್ಣದ ಶಾಲಿನ ಅಂಚು ಮಾತ್ರ. ಅತ್ತ ಅವಳ ಅಕ್ಕ ಸೂರ್‌ನಲ್ಲಿದ್ದಳು. ಅಲ್ಲಿ ಸಮುದ್ರವಿದೆ, ಪೇಟೆಯಿದೆ, ಒಂಬತ್ತು ಈಜಿಪ್ಟಿನ ಸಂಸಾರಗಳಿವೆ, ಪ್ರತಿ ಗುರುವಾರ ಎಲ್ಲರೂ ಸೇರಿ ಮಲೂಖಿಯಾ ಸೊಪ್ಪಿನ ಸಾರು ಮಾಡಿ ಊರವರ ವಿಷಯ ಹಂಚಿಕೊಳ್ಳುತ್ತಾರೆ ಎಂದು ಕಾಗದದ ಮೇಲೆ ಕಾಗದ ಬರೆದು ತಂಗಿಯ ಹೊಟ್ಟೆ ಉರಿಸುತ್ತಿದ್ದಳು.

"ಇಲ್ಲಿ ಗೋಡೆ ಹತ್ರ ಮಾತಾಡ್ತಿದ್ದೀನಿ ನಾನು. ನಿನ್ನೆ ಗೋಡೆ ಉತ್ತರ ಕೊಡ್ತು ಅನ್ನಿಸ್ತು. ಇನ್ನೊಂದು ತಿಂಗಳು ಹೀಗೇ ಇದ್ರೆ ನನಗೆ ಹುಚ್ಚು ಹಿಡಿಯತ್ತೆ ರೀ, ತಮಾಷೆಗೆ ಹೇಳ್ತಿಲ್ಲ" ಎಂದಿದ್ದಳು ಇನ್ಸಾಫ್. ತಮಾಷೆಯಲ್ಲವೆಂದು ಫಿಕ್ರಿಗೂ ಗೊತ್ತಿತ್ತು. ರಾತ್ರಿ ಅವಳು ದಿಂಬಿಗೆ ಮುಖ ಒತ್ತಿ ಅಳುವುದು ಅವನಿಗೆ ಕೇಳಿಸುತ್ತಿತ್ತು. ವರ್ಗ ಮಾಡುವ ಜಿಲ್ಲಾ ಅಧಿಕಾರಿ ಶೇಖ್ ಖಲ್ಫಾನರ ಚಿಕ್ಕಮ್ಮನ ಮಗ. ಶೇಖ್ ಒಂದು ಮಾತು ಹೇಳಿದರೆ ಸಾಕು. ಆ ಶೇಖ್ ತಾವಾಗಿಯೇ ಇಬ್ಬರನ್ನೂ ಮನೆಗೆ ಕರೆದಿದ್ದರು. ಸಿದ್ರಾದಲ್ಲಿ ಅವರು ಕಾಲಿಟ್ಟ ಮೊದಲ ಮನೆ ಅದು.

ಮೊದಲ ಆಘಾತ ಹೊಸ್ತಿಲಲ್ಲೇ ಕಾದಿತ್ತು. ಗಂಡಸರಿಗೊಂದು ಬಾಗಿಲು, ಹೆಂಗಸರಿಗೊಂದು ಬಾಗಿಲು. ಇನ್ಸಾಫ್ ಆ ಕಡೆ ಹೋದಳು, ಫಿಕ್ರಿ ಈ ಕಡೆ ನಿಂತ. ಮದುವೆಯಾಗಿ ಮೂರು ವರ್ಷದಲ್ಲಿ ಅವನು ಹೆಂಡತಿಯಿಲ್ಲದೆ ಬೇರೆಯವರ ಮನೆಯಲ್ಲಿ ಬಾಯಿ ತೆರೆದವನಲ್ಲ. ಯಾವ ಮಾತು ಎಲ್ಲಿಗೆ ನಿಲ್ಲಬೇಕೆಂಬುದನ್ನು ಅವನ ಕಾಲ್ಬೆರಳ ಮೇಲೆ ಅವಳ ಹಿಮ್ಮಡಿ ತೀರ್ಮಾನಿಸುತ್ತಿತ್ತು. ಈಗ ಆ ಮಾರ್ಗದರ್ಶನವಿಲ್ಲದೆ ಒಳಗೆ ಹೋಗಿ ಕೂತ.

ಹತ್ತು ಹನ್ನೆರಡು ಗಂಡಸರು ಬಿಳಿ ನಿಲುವಂಗಿ ತೊಟ್ಟು ಗೋಡೆಗೊರಗಿ ಕೂತಿದ್ದರು. ಯಾರೂ ನಗಲಿಲ್ಲ, ಯಾರೂ ಯಾರನ್ನೂ ಹೀಗಳೆಯಲಿಲ್ಲ. (ಜಗಾಜಿಗ್‌ನಲ್ಲಿ ಹನ್ನೆರಡು ಗಂಡಸರು ಕೂಡಿದರೆ ಪಕ್ಕದ ಬೀದಿಯವರು ಕಿಟಕಿ ಮುಚ್ಚುತ್ತಾರೆ.) ಮೊದಲು ಖರ್ಜೂರದ ತಟ್ಟೆ ಬಂತು. ಫಿಕ್ರಿಯ ಊರಲ್ಲಿ ಹೀಗೆ ಸಾಲಾಗಿ ಖರ್ಜೂರ ಹಂಚುವುದು ಗೋರಿಗಳ ಬಳಿ, ತೀರಿಕೊಂಡವರ ಹೆಸರಲ್ಲಿ. ಅವನ ಮನಸ್ಸಿಗೆ ಯಾಕೋ ಕಸಿವಿಸಿಯಾಯಿತು. ಆಮೇಲೆ ಪುಟ್ಟ ಬಟ್ಟಲಲ್ಲಿ ಕಾಫಿ ಬಂತು. ತುದಿನಾಲಿಗೆಗೆ ತಾಗಿಸಿದ.

ಸಕ್ಕರೆ ಇಲ್ಲ. ಒಂದು ಹರಳೂ ಇಲ್ಲ.

ಫಿಕ್ರಿ ಬಟ್ಟಲಿನೊಳಗೆ ಇಣುಕಿದ. ಅವನ ಕಡೆ ನಿಶ್ಚಿತಾರ್ಥವಿರಲಿ, ಬಡ್ತಿಯಿರಲಿ, ಸುಮ್ಮನೆ ನೆಂಟರು ಬರಲಿ, ಬಂದವರ ಬಟ್ಟಲಿಗೆ ಸಕ್ಕರೆ ಸುರಿಯುತ್ತಾರೆ. ಬಂದವರಿಗೆಲ್ಲ ಸಕ್ಕರೆಯಿಲ್ಲದ ಕಾಫಿ ಕೊಡುವುದು ಒಂದೇ ಕಡೆ, ಸಾವಿನ ಮನೆಯಲ್ಲಿ. ಅವನು ಕಣ್ಣಾಡಿಸಿದ. ಶೇಖ್ ಖಲ್ಫಾನರ ಬಲಕ್ಕೆ ಒಂದು ದಿಂಬು ಖಾಲಿಯಿತ್ತು, ಅದಕ್ಕೊಂದು ಊರುಗೋಲು ಒರಗಿತ್ತು. ಅದು ಶೇಖರ ತಂದೆ, ಮುದುಕ ಮುಸಬ್ಬಹ್ ಅವರ ಕೋಲು. ಹೋದ ಶುಕ್ರವಾರ ತಾನೆ ಮಸೀದಿಯಲ್ಲಿ ಅವರ ಕೈಹಿಡಿದು ಮೆಟ್ಟಿಲು ಇಳಿಸಿದ್ದ. ಅಯ್ಯೋ ದೇವರೇ, ಅಜ್ಜ ಹೋಗಿಬಿಟ್ಟರೇ? ಅದೇ ಹೊತ್ತಿಗೆ ಗೋಡೆಯಾಚೆಯಿಂದ ಹೆಂಗಸರ ದನಿಗಳು ಒಟ್ಟಿಗೆ ಎದ್ದವು, ನಡುವೆ ತನ್ನ ಹೆಂಡತಿ ಬಿಕ್ಕುವುದು ಸ್ಪಷ್ಟವಾಗಿ ಕೇಳಿತು. ಇನ್ನು ಅನುಮಾನವೇ ಉಳಿಯಲಿಲ್ಲ.

ಫಿಕ್ರಿ ತುಂಬಿದ ಬಟ್ಟಲನ್ನು ಮೆಲ್ಲಗೆ ನೆಲದ ಮೇಲಿಟ್ಟು ತಲೆ ಬಾಗಿಸಿ ಕೂತ.

ಕೋಣೆಯಲ್ಲಿದ್ದ ಅಷ್ಟೂ ಜನ ಆ ಬಟ್ಟಲನ್ನೇ ನೋಡತೊಡಗಿದರು. ಆ ಸೀಮೆಯಲ್ಲಿ ಅತಿಥಿ ಕಾಫಿ ಕುಡಿಯದೆ ಕೆಳಗಿಟ್ಟನೆಂದರೆ ಅವನೊಂದು ಬೇಡಿಕೆ ಹೊತ್ತು ಬಂದಿದ್ದಾನೆ ಎಂದು ಲೆಕ್ಕ. ಅದನ್ನು ನಡೆಸಿಕೊಡುವವರೆಗೆ ಅವನು ಕುಡಿಯುವುದಿಲ್ಲ, ಕುಡಿಯದೆ ಎದ್ದುಹೋದರೆ ಮನೆಗೇ ಅವಮಾನ. ಫಿಕ್ರಿಗೆ ಇದು ಗೊತ್ತಿರಲಿಲ್ಲ. ಅವನ ಊರಲ್ಲಿ ಬಟ್ಟಲು ಕೆಳಗಿಟ್ಟರೆ ಬಟ್ಟಲು ಕೆಳಗಿದೆ ಎಂದಷ್ಟೇ ಅರ್ಥ.

"ಕಾಫಿ ಕುಡೀರಿ ಮೇಷ್ಟ್ರೇ" ಎಂದರು ಶೇಖ್.

"ಗಂಟಲಲ್ಲಿ ಇಳೀತಿಲ್ಲ, ಶೇಖ್."

"ಏನು ಬೇಕು ಹೇಳಿ. ಕೊಟ್ಟಾಯ್ತು ಅಂದ್ಕೊಳ್ಳಿ."

ಫಿಕ್ರಿ ದಂಗಾದ. ಹೆತ್ತ ತಂದೆಯನ್ನು ಕಳೆದುಕೊಂಡ ಗಳಿಗೆಯಲ್ಲೂ ಬಂದವನಿಗೆ ಏನು ಬೇಕೆಂದು ಕೇಳುತ್ತಾರಲ್ಲ, ಇವರೆಂಥ ಜನ. ಆ ಏಳು ಸಲ ಬಾಯಿಪಾಠ ಮಾಡಿದ ವಾಕ್ಯ ನಾಲಿಗೆಯ ತುದಿಗೆ ಬಂದು ನಾಚಿ ಹಿಂದಕ್ಕೆ ಹೋಯಿತು.

"ಒಂದು ವಿಷಯ ಕೇಳೋಣ ಅಂತಲೇ ಬಂದಿದ್ದೆ. ಆದ್ರೆ ನಿಮ್ಮನ್ನ ಈ ಸ್ಥಿತೀಲಿ ನೋಡಿದ್ಮೇಲೆ ಬಾಯಿ ಬರ್ತಿಲ್ಲ."

"ಯಾವ ಸ್ಥಿತೀಲಿ?" ಎಂದ ಶೇಖರ ಭಾವಮೈದುನ ಹುಮೈದ್. ಶೇಖ್ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದರು.

"ನಮ್ಮ ಊರಿನ ಸ್ಥಿತಿ ನಿಮ್ಮ ಕಣ್ಣಿಗೆ ಬಿತ್ತಲ್ಲ ಮೇಷ್ಟ್ರೇ, ಅದೇ ದೊಡ್ಡದು. ನಾಲ್ಕು ವರ್ಷದಲ್ಲಿ ಆರು ಜನ ನಮ್ಮನ್ನ ಬಿಟ್ಟುಹೋದ್ರು."

"ಆರು ಜನಾನಾ?" ಎಂದ ಫಿಕ್ರಿ.

"ಆರು. ಕೊನೆಯವರಂತೂ ಒಂದು ಮಾತು ಹೇಳ್ಲಿಲ್ಲ. ಬೆಳಿಗ್ಗೆ ಹೋಗಿ ನೋಡಿದ್ರೆ ಇಲ್ಲ."

ಶೇಖ್ ಹೇಳಿದ್ದು ಸಿದ್ರಾ ಬೇಸರ ಬಂದು ಓಡಿಹೋದ ಮೇಷ್ಟರುಗಳ ಕತೆ. ಫಿಕ್ರಿಯ ಕಣ್ಣೆದುರು ಸುಳಿದದ್ದು ಆರು ಚಟ್ಟ. ಅವನ ಕಣ್ಣಲ್ಲಿ ನೀರು ಬಂತು, ಒಂಬತ್ತು ವರ್ಷದ ವ್ಯಾಕರಣವೆಲ್ಲ ಕರಗಿ ಮಾತು ತಾನಾಗಿ ಹರಿಯಿತು.

"ಶೇಖ್, ಇಂಥ ಹೊತ್ತಲ್ಲಿ ನಿಮ್ಮನ್ನ ಬಿಟ್ಟು ಬೇರೆ ಊರು ಅಂತ ಬಾಯಿ ಬಿಟ್ರೆ ನಾನು ಮನುಷ್ಯನಾ? ನನಗೆ ಬೇರೇನೂ ಬೇಡ. ನಾನು ಎಲ್ಲಿಗೂ ಹೋಗಲ್ಲ, ನಿಮ್ಮ ಜೊತೇಲೇ ಇರ್ತೀನಿ."

ಶೇಖ್ ಎದ್ದು ನಿಂತರು. ಅಷ್ಟೂ ಜನ ಎದ್ದರು. ಅಲ್ಲಿನ ಪದ್ಧತಿಯಂತೆ ಒಬ್ಬೊಬ್ಬರಾಗಿ ಬಂದು ಅವನ ಮೂಗಿಗೆ ಮೂಗು ತಾಗಿಸಿದರು. ಶೇಖರ ಗಡ್ಡ ಒದ್ದೆಯಾಗಿತ್ತು.

"ಕೇಳಿದ್ದು ಕೊಟ್ಟೆ. ನಿಮ್ಮ ಕರಾರು ಮುಗಿಯೋವರೆಗೆ, ಪೂರಾ ನಾಲ್ಕು ವರ್ಷ. ನಾಳೆಯೇ ಅಧಿಕಾರಿಗೆ ಹೇಳ್ತೀನಿ, ಈ ಮೇಷ್ಟ್ರನ್ನ ಸಿದ್ರಾದಿಂದ ಯಾರೂ ಅಲ್ಲಾಡಿಸಕೂಡದು ಅಂತ. ಇಷ್ಟು ಜನ ಸಾಕ್ಷಿ. ಈಗ ಕುಡೀರಿ."

ಏನೋ ಎಲ್ಲೋ ತಪ್ಪುತ್ತಿದೆ ಎಂದು ಫಿಕ್ರಿಗೆ ಅನಿಸುವಷ್ಟರಲ್ಲಿ ಬಟ್ಟಲು ಅವನ ತುಟಿಯ ಮೇಲಿತ್ತು. ಅದೇ ಗಳಿಗೆಗೆ ಬಾಗಿಲು ತೆರೆದು, ಹೆಗಲ ಮೇಲೆ ಗುದ್ದಲಿ ಹೊತ್ತು, ಮಂಡಿಯವರೆಗೆ ಕೆಸರು ಮಾಡಿಕೊಂಡು ಮುದುಕ ಮುಸಬ್ಬಹ್ ಒಳಗೆ ಬಂದು ತಮ್ಮ ದಿಂಬಿಗೆ ಒರಗಿದರು.

"ಎಲ್ರೂ ಯಾಕ್ರೋ ನಿಂತಿದ್ದೀರಿ? ಯಾರಿಗೇನಾಯ್ತು?"

ಕಾಫಿ ಫಿಕ್ರಿಯ ಮೂಗಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಉಸಿರು ತಿರುಗಿದ ಮೇಲೆ ಅವನಿಂದ ಹೊರಟದ್ದು ಇಷ್ಟೇ: "ನೀವು... ಇದ್ದೀರಾ?"

"ತೋಟದಲ್ಲಿದ್ದೆ. ಇವತ್ತು ನಮ್ಮ ನೀರಿನ ಸರದಿ."

ಸಂಜೆ ಹೊತ್ತು ಮುಳುಗುವ ಮೊದಲು ಇಬ್ಬರೂ ಮನೆಯ ದಾರಿ ಹಿಡಿದರು. ಮೂರು ವಾರದಲ್ಲಿ ಮೊದಲ ಸಲ ಇನ್ಸಾಫ್‌ಳ ಮುಖ ಅರಳಿತ್ತು. ಫಿಕ್ರಿ ಮೂರು ಸಲ ಬಾಯಿ ತೆರೆದ, ಅವಳು ಸಂದು ಕೊಡಲಿಲ್ಲ.

"ಏನು ಜನ ಕಣ್ರೀ. ಮೊದಲು ಆ ಕಾಫಿ ಬಾಯಿಗಿಟ್ಟಾಗ ನನಗೆ ಜೀವ ಹೋದಂಗಾಯ್ತು. ಯಾರೋ ತೀರ್ಕೊಂಡಿದ್ದಾರೆ ಅಂದ್ಕೊಂಡೆ."

"ಆಮೇಲೆ?"

"ಆಮೇಲೇನು, ಯಾರು ಹೋಗಿದ್ದು ಅಂತ ಕೇಳ್ದೆ. ಯಾರೂ ಇಲ್ಲ, ನಮ್ಮಲ್ಲಿ ಕಾಫಿನೇ ಹೀಗೆ ಅಂದ್ರು."

ಫಿಕ್ರಿ ನಡೆಯುತ್ತಿದ್ದವನು ನಿಂತುಬಿಟ್ಟ. ಕೇಳಬಹುದಿತ್ತು ಎಂಬುದು ಅವನ ತಲೆಗೆ ಹೊಳೆದೇ ಇರಲಿಲ್ಲ.

"ಶೇಖರ ತಾಯಿ ಜಯಾನಾ ಅಜ್ಜಿ ನಕ್ಕು ನಕ್ಕು ಉರುಳಿದ್ರು. ಅಷ್ಟು ಜನ ಒಟ್ಟಿಗೆ ನಗೋದು ಕೇಳಿ ಎಷ್ಟು ದಿನ ಆಗಿತ್ತೋ, ನನಗೆ ಅಳು ಬಂದ್ಬಿಡ್ತು. ಎಲ್ಲ ಹೇಳ್ಕೊಂಡೆ. ಅಜ್ಜಿ ನನ್ನ ಕೈಹಿಡ್ಕೊಂಡು, ಅಧಿಕಾರಿ ನನ್ನ ತಂಗಿ ಮಗ, ನಿನ್ನನ್ನ ನಿನ್ನಕ್ಕನ ಊರಿಗೆ ಕಳಿಸೋದು ನನ್ನ ಜವಾಬ್ದಾರಿ ಅಂತ ಮಾತು ಕೊಟ್ರು. ಹತ್ತು ದಿನದಲ್ಲಿ ಕಾಗದ ಬರತ್ತಂತೆ."

"ನಮಗೆ?"

"ನನಗೆ. ಗಂಡುಮಕ್ಕಳ ಶಾಲೆ ವಿಷಯಕ್ಕೆ ನಾನು ಕೈಹಾಕಲ್ಲ, ಅದು ನನ್ನ ಮಗಂದು ಅಂದ್ರು. ಅದಕ್ಕೇನಂತೆ ಅಜ್ಜಿ, ನಮ್ಮನೆಯವರು ಗೋಡೆಯಾಚೆ ಈಗ ಅದನ್ನೇ ಕೇಳ್ತಿದ್ದಾರೆ ಅಂದೆ." ಅವಳು ತಿರುಗಿ ನೋಡಿದಳು. "ಕೇಳಿದ್ರಿ ತಾನೆ?"

ಫಿಕ್ರಿ ಹೇಳಿದ. ಈ ಸಲ ಪೀಠಿಕೆಯಿಲ್ಲದೆ, ಚುಟುಕಾಗಿ ಹೇಳಿದ. ಇನ್ಸಾಫ್ ದಾರಿಬದಿಯ ಕಲ್ಲಿನ ಮೇಲೆ ಕುಸಿದು ಕೂತಳು.

"ನಾಲ್ಕು ವರ್ಷಾನಾ?"

"ಪೂರಾ ಅಂದ್ರು."

"ಹೋಗಿ. ಈಗ್ಲೇ ವಾಪಸ್ ಹೋಗಿ ಹೇಳಿ."

"ಏನಂತ ಹೇಳ್ಲೇ? ನಿಮ್ಮಪ್ಪ ಸತ್ತಿದ್ದಾರೆ ಅಂದ್ಕೊಂಡು ಮಾತು ಕೊಟ್ಟೆ, ಅವರು ಬದುಕಿರೋದ್ರಿಂದ ವಾಪಸ್ ತಗೋತೀನಿ ಅಂತಲಾ?"

ಇನ್ಸಾಫ್ ಬೈಯಲಿಲ್ಲ. ಬೈದಿದ್ದರೆ ಫಿಕ್ರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ನೀವಿಲ್ದೆ ಆ ಸಮುದ್ರ ಕಟ್ಕೊಂಡು ನಾನೇನು ಮಾಡ್ಲಿ?" ಎಂದಳು ಸಣ್ಣ ದನಿಯಲ್ಲಿ. ಸರಿ, ಮಾನ ಹೋದರೆ ಹೋಗಲಿ ಎಂದು ಫಿಕ್ರಿ ಹಿಂದಕ್ಕೆ ತಿರುಗಿ ಎರಡು ಹೆಜ್ಜೆ ಹಾಕಿದ್ದನೋ ಇಲ್ಲವೋ, ಹುಮೈದ್‌ನ ಪಿಕಪ್ ಧೂಳೆಬ್ಬಿಸಿಕೊಂಡು ಬಂದು ಎದುರೇ ನಿಂತಿತು.

"ಅಂತೂ ಸಿಕ್ಕಿದ್ರಲ್ಲ" ಎಂದು ಹುಮೈದ್ ಇಳಿದ. "ಅಜ್ಜಿ ಮಾತು ಕೊಟ್ಟಿದ್ದು, ಶೇಖ್ ಮಾತು ಕೊಟ್ಟಿದ್ದು, ಎರಡೂ ಈಗ ಮನೇಲಿ ಗೊತ್ತಾಯ್ತು. ಹೋಗ್ಬೇಕು ಅಂತ ಬಂದ ಗಂಡ ನಮ್ಮ ಮಕ್ಕಳಿಗೋಸ್ಕರ ಉಳ್ಕೊಂಡ್ರು, ಹೆಂಡತಿ ಅಕ್ಕನಿಗೋಸ್ಕರ ಒಬ್ರೇ ಹೊರಟ್ರು. ಇಂಥ ತ್ಯಾಗ ನಾವು ಕಂಡೇ ಇಲ್ಲ ಅಂತ ಎಲ್ರೂ ಕಣ್ಣೊರೆಸ್ಕೊತಿದ್ದಾರೆ. ಅಧಿಕಾರಿಗೆ ಆಗ್ಲೇ ಹೇಳಿ ಕಳಿಸಿದ್ದೂ ಆಯ್ತು."

ಅವನು ಹಲ್ವಾದ ದೊಡ್ಡ ಡಬ್ಬಿಯೊಂದನ್ನು ಇನ್ಸಾಫ್‌ಳ ಪಕ್ಕದಲ್ಲೇ ಕಲ್ಲಿನ ಮೇಲಿಟ್ಟ. "ಇದು ಹೋಗೋ ಟೀಚರಮ್ಮನಿಗೆ, ದಾರಿಗೆ." ಆಮೇಲೆ ಪಿಕಪ್ಪಿನ ಹಿಂದಿನಿಂದ ಕೊಬ್ಬಿದ ಕರಿ ಆಡೊಂದನ್ನು ಎಳೆದು ಇಳಿಸಿ ಹಗ್ಗವನ್ನು ಫಿಕ್ರಿಯ ಕೈಗೆ ಕೊಟ್ಟ. "ಇದು ಇರೋ ಮೇಷ್ಟ್ರಿಗೆ, ಹಾಲಿಗೆ."

ಫಿಕ್ರಿ ಏನಾದರೂ ಹೇಳುವ ಮೊದಲೇ ಅವನ ಮೂಗಿಗೆ ಮೂಗು ತಾಗಿಸಿ ಹುಮೈದ್ ಗಾಡಿ ತಿರುಗಿಸಿಕೊಂಡು ಹೋದ. ಎದ್ದ ಧೂಳಿಗೆ ಆಡೂ ಸೇರಿ ಮೂವರೂ ಸೀನಿದರು. ಇನ್ಸಾಫ್ ಡಬ್ಬಿಯನ್ನು ನೋಡಿದಳು, ಆಡನ್ನು ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು.

"ಹಾಲು ಕರೆಯೋಕೆ ಬರತ್ತಾ ನಿಮಗೆ?"

"ಬರಲ್ಲ" ಎಂದ ಫಿಕ್ರಿ.