ದೊಡ್ಡಮ್ಮನ ಮೂರೆಲೆ ಆಟ

ನಮ್ಮ ದೊಡ್ಡಮ್ಮನ ಎದುರು ಇಸ್ಪೀಟಿಗೆ ಕೂರುವುದೂ ಒಂದೇ, ಎಲೆಗಳನ್ನು ಹಣೆಗೆ ಅಂಟಿಸಿಕೊಂಡು ಕೂರುವುದೂ ಒಂದೇ! ಎಪ್ಪತ್ತರ ದಶಕದ ರಾಜಾಜಿನಗರದಲ್ಲಿ ಗೃಹಿಣಿಯರು ಭಾನುವಾರ ಮಧ್ಯಾಹ್ನ ಹಪ್ಪಳ ಒತ್ತುತ್ತಿದ್ದರಂತೆ. ಹೌದೇ? ನಮ್ಮ ಮನೆಯಲ್ಲಂತೂ ದೊಡ್ಡಮ್ಮ ಚಾಪೆ ಹಾಸಿ, ಹುಣಸೆಬೀಜ ಪಣಕ್ಕಿಟ್ಟು, ಮೂರೆಲೆ ಹಂಚುತ್ತಿದ್ದರು. ತಮ್ಮ ಎಲೆಗಿಂತ ಹೆಚ್ಚಾಗಿ ನಮ್ಮ ಮುಖಗಳನ್ನೇ ನೋಡುತ್ತಿದ್ದರು.

ಒಳ್ಳೆ ಎಲೆ ಬಂದರೆ ಅಪ್ಪ ಕನ್ನಡಕ ಮೇಲೆ ತಳ್ಳುತ್ತಾರೆ ಎಂಬುದು ಅವರಿಗೆ ಎಂದೋ ಗೊತ್ತಾಗಿತ್ತು. ಅದು ತಿಳಿದ ಅಪ್ಪ ಒಂದು ದಿನ ಕನ್ನಡಕವನ್ನೇ ತೆಗೆದಿಟ್ಟು ಆಡಿದರು. “ಮೂರೂ ಆಟೀನು!” ಎಂದು ಎದೆಯುಬ್ಬಿಸಿ ಬಿಚ್ಚಿದರೆ, ನಡುವಿನದು ಅದೇ ಕೆಂಪು ಬಣ್ಣದ ಡೈಮಂಡು!

ಎದುರುಮನೆಯಾಕೆ ಇನ್ನೂ ಜಾಣೆ. ಮುಖಕ್ಕೆ ಸೆರಗು ಮರೆಮಾಡಿ ಕೂತರು. ದೊಡ್ಡಮ್ಮ ಕೆಳಗೆ ನೋಡಿ, “ಏನ್ರೀ, ಕಾಲ್ಬೆರಳು ಕುಣೀತಾ ಇದೆ! ಎಕ್ಕ ಬಂತಾ?” ಎಂದರು. ಆಕೆ ಎಲೆ ಎಸೆದು ಎದ್ದೇಹೋದರು.

ಹೀಗಿರುವಾಗ ವಿಜಯನಗರದ ಕಡೆಯಿಂದ ನನಗೊಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಎಲ್ಲರಿಗೂ ಖುಷಿ. ನಾನೂ “ಆಗಲಿ” ಎಂದಿದ್ದೆ. ನಿಶ್ಚಿತಾರ್ಥಕ್ಕೆ ಮುಂಚಿನ ಭಾನುವಾರ ಆಟಕ್ಕೆ ಕೂತೆವು. ನನ್ನ ಸರದಿ ಬಂದಾಗ “ಪ್ಯಾಕ್” ಎಂದು ಆಟ ಬಿಟ್ಟು ಎಲೆ ಕೆಳಗಿಟ್ಟೆ. ದೊಡ್ಡಮ್ಮ ಎಂದೂ ಮುರಿಯದ ನಿಯಮ ಮುರಿದು ಅವನ್ನು ತಿರುಗಿಸಿದರು. ಮೂರು ರಾಜ! ಅದನ್ನು ಸೋಲಿಸಲು ಮೂರು ಎಕ್ಕವೇ ಬೇಕು!

ಎಲ್ಲರೂ ಬಿದ್ದು ಬಿದ್ದು ನಕ್ಕರು. ದೊಡ್ಡಮ್ಮ ಮಾತ್ರ ನಗಲಿಲ್ಲ. ನನ್ನನ್ನು ಅಡುಗೆಮನೆಗೆ ಎಳೆದೊಯ್ದರು.

“ಎಲೆ ನೋಡ್ದೇನೇ ಇಟ್ಬಿಟ್ಯಲ್ಲೇ. ಆ ಹುಡುಗನ್ನೂ ಹೀಗೇ ಒಪ್ಕೊಂಡ್ಯಾ?”

ನನಗೆ ಅಳು ಒತ್ತಿಬಂತು. “ನಾನು ಬಿ.ಎಡ್. ಓದ್ಬೇಕು, ದೊಡ್ಡಮ್ಮ. ಎಲ್ರೂ ಅಷ್ಟು ಖುಷಿಯಾಗಿದ್ರು, ಹೆಂಗೆ ಹೇಳ್ಲಿ?”

ಅವರು ನೇರ ನಡುಮನೆಗೆ ಹೋಗಿ ಅಪ್ಪನಿಗೆ ಹೇಳಿದರು: “ಈ ಮದುವೆ ಬೇಡಪ್ಪಾ.”

“ಅವಳೇ ಒಪ್ಪಿದಾಳಲ್ಲ ಅತ್ಗೆ!”

“ಬಾಯಲ್ಲಿ ಒಪ್ಪಿದಾಳೆ. ಮುಖ ನೋಡಿದ್ಯಾ?”

ಅಪ್ಪ ನೋಡಿದರು, ತುಂಬ ಹೊತ್ತು. ಆಮೇಲೆ ಅಂಗಿ ತೊಟ್ಟು, ಹುಡುಗನ ಮನೆಯವರ ಕ್ಷಮೆ ಕೇಳಲು ಬಸ್‌ಸ್ಟಾಪಿಗೆ ಹೊರಟರು.

ದೊಡ್ಡಮ್ಮ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಸೆರಗಿನಿಂದ ಕಣ್ಣೊರೆಸಿದರು. ಆಮೇಲೆ ಎಲೆ ಕಲೆಸಿ ಹೊಸದಾಗಿ ಹಂಚುತ್ತಾ, “ಈ ಸಲ ಎಲೆ ನೋಡಿ ಆಡೇ” ಎಂದರು.